ಮುಸುವ: ಗುಂಪುಗಳ ಸ್ಪರ್ಧೆ ಮತ್ತು ಸಂತಾನ

ಕರಿಮೋರೆಯ, ನೀಳಬಾಲದ ಮುಸುವಗಳಲ್ಲಿ ಗುಂಪುಗಳ ನಡುವಣ ಸ್ಪರ್ಧೆಯು ಸಂತಾನೋತ್ಪತ್ತಿಯ ಗತಿಯನ್ನೇ ಮಾರ್ಪಡಿಸುವುದೆಂಬ ಸಂಗತಿ ಪ್ರಾಣಿವಿಜ್ಞಾನಕ್ಕೆ ಮೊದಲು ವಿಶದವಾಗಿ ಗೋಚರಿಸಿದುದು ಧಾರವಾಡದ ಪರಿಸರದಲ್ಲಿ. ಕ್ಯೋಟೋ ವಿಶ್ವವಿದ್ಯಾಲಯದ ಯುಕಿಮಾರು ಸುಗಿಯಾಮ ಅವರು ಜಪಾನೀ ಹಾಗೂ ಭಾರತೀಯ ಸಹೋದ್ಯೋಗಿಗಳೊಡನೆ 1961ರಿಂದ 1963ರವರೆಗೆ ಇಲ್ಲಿ ನಡೆಸಿದ ಅವಲೋಕನವು ವಾನರಶಾಸ್ತ್ರದ ಚರಿತ್ರೆಯಲ್ಲಿ ಚಿರಸ್ಮರಣೀಯವಾದುದು.

ಧಾರವಾಡದ ಬಹುಪಾಲು ಗುಂಪುಗಳಲ್ಲಿ ಪ್ರೌಢ ಗಂಡು ಒಂದೇ. ಹೆಣ್ಣುಗಳು ಹುಟ್ಟಿದ ಗುಂಪಿನಲ್ಲಿಯೇ ಬಾಳುವುವು. ಹೊರಬಿದ್ದ ಗಂಡುಗಳಾದರೋ ತಮ್ಮದೇ ದಂಡು ಕಟ್ಟಿ ಅಲೆಯುತ್ತ, ಅವಕಾಶ ದೊರೆತಾಗ ಸಂಸಾರವುಳ್ಳ ಗುಂಪಿನ ಮೇಲೆ ಎರಗುವುವು. 1962ರಲ್ಲಿ ಅಂತಹ ಏಳು ಗಂಡುಗಳು ಒಂದು ಗುಂಪಿನ ಮೇಲೆ ದಾಳಿಯಿಟ್ಟು, ಅದರ ಒಡೆಯನನ್ನು ಅಟ್ಟಿದ ತರುವಾಯ, ತಮ್ಮೊಳಗಿನ ಕಲಹದಲ್ಲಿ ಗೆದ್ದ ಒಂದೇ ಗಂಡು ಉಳಿದುಕೊಂಡಿತು. ಅದು ಮೊಲೆಯುಣ್ಣುತ್ತಿದ್ದ ಮರಿಗಳನ್ನು ಕಚ್ಚಿತು, ಮರಿಗಳು ಇಲ್ಲವಾದವು, ತಾಯಿಗಳು ಅಲ್ಪಕಾಲದಲ್ಲಿಯೇ ಬೆದೆಗೆ ಬಂದು ಆ ಗಂಡಿನೊಡನೆಯೇ ಕೂಡಿದವು.

ಇದರ ಕಾರಣ ಶರೀರಧರ್ಮದಲ್ಲಿದೆ. ಹಾಲೂಡುವ ತಾಯಿ ಸಾಮಾನ್ಯವಾಗಿ ಬೆದೆಗೆ ಬಾರದು. ಗರ್ಭಾವಧಿ ಸುಮಾರು 200 ದಿನ. ಮರಿ ಮೊಲೆ ಬಿಡಲು ವರ್ಷ ಮೀರುವುದು. ಗಂಡಿನ ಒಡೆತನವೋ ಬಹುಮಟ್ಟಿಗೆ ಕೆಲವೇ ವರ್ಷಗಳದು. ಪರಸಂತಾನವನ್ನು ಅಳಿಸಿ ಸ್ವಸಂತಾನಕ್ಕೆ ಕಾಲವನ್ನು ಗಳಿಸುವ ಈ ಕ್ರಮವನ್ನು, ಅಬು ಪರ್ವತದ ಮುಸುವಗಳನ್ನು ಅಭ್ಯಸಿಸಿದ ಸಾರಾ ಹರ್ಡಿ ಅವರು 1974ರಲ್ಲಿ ಲೈಂಗಿಕ ಆಯ್ಕೆಯ ಫಲವೆಂದು ಪ್ರತಿಪಾದಿಸಿದರು. ಇದು ಪ್ರಾಣಿಗಳು ಕಿಕ್ಕಿರಿದುದರಿಂದ ಒದಗಿದ ವಿಕೃತಿಯೆಂದು ವಾದಿಸಿದವರುಂಟು. ಆದರೆ ನೇಪಾಳದ ರಾಮನಗರದಲ್ಲಿ ಕೈಗೊಂಡ ಡಿಎನ್‌ಎ ಪರೀಕ್ಷೆಯು, ಕೊಂದ ಗಂಡುಗಳು ಸತ್ತ ಮರಿಗಳ ತಂದೆಯಲ್ಲವೆಂದು 1999ರಲ್ಲಿ ತೋರಿಸಿದ ಮೇಲೆ, ಹರ್ಡಿಯವರ ಪಕ್ಷವೇ ಬಲವಾದುದೆಂದು ಒಪ್ಪಬೇಕಾಗುತ್ತದೆ.

ಆಫ್ರಿಕದ ಚಿಂಪಾಂಜಿಗಳಲ್ಲಿ ಸ್ಪರ್ಧೆಯ ದಾರಿ ಬೇರೆ. ಅಲ್ಲಿ ಗಂಡುಗಳು ಒಟ್ಟಾಗಿ ಸೀಮೆಯನ್ನು ಕಾಯುವುವು. ಐವರಿ ಕೋಸ್ಟಿನ ತಾಯ್ ಅರಣ್ಯದಲ್ಲಿ ನೆರೆಗುಂಪುಗಳ ಒತ್ತಡ ಹೆಚ್ಚಿದಂತೆ ಹೆರಿಗೆಗಳ ನಡುವಣ ಅಂತರ ದೀರ್ಘವಾಗುವುದೂ, ಸ್ವಂತ ಗುಂಪಿನಲ್ಲಿ ಗಂಡುಗಳು ಅಧಿಕವಿದ್ದಲ್ಲಿ ಆ ಒತ್ತಡ ತಗ್ಗುವುದೂ ಕಂಡುಬಂದಿದೆ.

ಮತ್ತೆ ಮುಸುವಗಳತ್ತ ಬಂದರೆ, ಅವುಗಳ ತಾಯಂದಿರನ್ನು ಕೇವಲ ನಿಸ್ಸಹಾಯಕರೆಂದು ಬಗೆಯುವುದು ಅನ್ಯಾಯ. ಹಲವು ಹೆಣ್ಣುಗಳು ಒಂದುಗೂಡಿ, ವಯಸ್ಸಾದವು ಮುಂದಾಗಿ, ಆಕ್ರಮಣಕಾರನನ್ನು ಎದುರಿಸುವುವು. ಗರ್ಭಿಣಿಯರು ಸಹ ಹೊಸ ಒಡೆಯನೊಡನೆ ಕೂಡುವುದುಂಟು. ಹುಟ್ಟಲಿರುವ ಮರಿ ಯಾರದೆಂಬುದನ್ನು ಅಸ್ಪಷ್ಟಗೊಳಿಸಿ ಅದರ ಪ್ರಾಣವನ್ನು ಉಳಿಸುವ ಉಪಾಯ ಇದೆಂಬುದು ಹರ್ಡಿಯವರ ಮತ.