ಬೆಲ್ ಐಲ್: ಊರವರು ಉಳಿಸಿಕೊಂಡ ಉದ್ಯಾನ

ಆಬರ್ನ್ ಹಿಲ್ಸ್‌ನಿಂದ ಐ-75 ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೊರಟರೆ ಒಂದು ಗಂಟೆಯೊಳಗೆ ಡೆಟ್ರಾಯ್ಟ್ ನದಿಯ ನಡುವಿನ ಬೆಲ್ ಐಲ್ ಸಿಗುತ್ತದೆ. ಕಾರು ಉದ್ಯಮದ ಕೆಲಸಕ್ಕೆಂದು ಈ ಸೀಮೆಗೆ ಬಂದು ಬೇರುಬಿಟ್ಟ ನಮ್ಮ ಕನ್ನಡ ಕುಟುಂಬಗಳಿಗೆ 982 ಎಕರೆಯ ಈ ದ್ವೀಪೋದ್ಯಾನ ಹೊಸದಲ್ಲ. ನಮಗೆ ನೆರಳು ಕೊಟ್ಟ ಈ ಉದ್ಯಾನದ ಚರಿತ್ರೆಯನ್ನು ನಮ್ಮ ಸ್ಮರಣ ಸಂಚಿಕೆಯಲ್ಲಿ ದಾಖಲಿಸುವುದು ನಮ್ಮ ಹೆಮ್ಮೆ.

1879ರಲ್ಲಿ ಡೆಟ್ರಾಯ್ಟ್ ನಗರ ಕ್ಯಾಂಪೋ ಮನೆತನದಿಂದ 2 ಲಕ್ಷ ಡಾಲರಿಗೆ ಈ ದ್ವೀಪವನ್ನು ಕೊಂಡಿತು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಶಿಲ್ಪಿಗಳಲ್ಲೊಬ್ಬರಾದ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಉದ್ಯಾನದ ನಕ್ಷೆ ಬರೆದರು. ನಗರಾಡಳಿತದೊಂದಿಗೆ ಹೊಂದಾಣಿಕೆಯಾಗದೆ ಅವರು ನಡುವೆಯೇ ಬಿಟ್ಟುಹೋದರು. ಆದರೂ ಕಾಡನ್ನು ಕಾಡಾಗಿಯೇ ಉಳಿಸಬೇಕೆಂಬ ಅವರ ಕಾಣ್ಕೆ ವ್ಯರ್ಥವಾಗಲಿಲ್ಲ. ದ್ವೀಪದ ಪೂರ್ವಭಾಗದ ಹಳೆಯ ಕಾಡು ಇಂದಿಗೂ ಇದೆ.

ದ್ವೀಪಕ್ಕೆ ಮೊದಲ ಸೇತುವೆ ಬಂದದ್ದು 1889ರಲ್ಲಿ. ನಮ್ಮ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಗೆ ಶಂಕುಸ್ಥಾಪನೆಯಾದದ್ದೂ ಅದೇ ವರ್ಷ! ಆ ಸೇತುವೆ 1915ರಲ್ಲಿ ಬೆಂಕಿಗೆ ಆಹುತಿಯಾಯಿತು. ಈಗಿನದು 1923ರದು.

1904ರಲ್ಲಿ ಇಲ್ಲಿಯೂ ಗಾಜಿನ ಮನೆ ಎದ್ದಿತು. ಅದರ ವಿನ್ಯಾಸದಲ್ಲಿ ಪಾಲ್ಗೊಂಡ ಆಲ್ಬರ್ಟ್ ಕಾನ್, ಜರ್ಮನಿಯಲ್ಲಿ ಹುಟ್ಟಿ ಬಾಲ್ಯದಲ್ಲೇ ಡೆಟ್ರಾಯ್ಟಿಗೆ ಬಂದವರು. ಮುಂದೆ ಫೋರ್ಡ್ ಕಾರ್ಖಾನೆಗಳನ್ನು ರೂಪಿಸಿದವರೂ ಅವರೇ. ಜನವರಿಯ ಹಿಮದಲ್ಲಿ ಕೋಟು, ಟೋಪಿ ಹೊತ್ತು ಒಳಗೆ ಕಾಲಿಟ್ಟರೆ ಕನ್ನಡಕ ಮಂಜಾಗುತ್ತದೆ. ಒರೆಸಿಕೊಂಡು ನೋಡಿದರೆ ಗುಮ್ಮಟದಡಿ ತಾಳೆಮರಗಳು, ಪಕ್ಕದ ಕೋಣೆಯಲ್ಲಿ ಬಾಳೆ! ಊರಿನಿಂದ ಬಂದ ಹಿರಿಯರು ಅಲ್ಲಿಂದ ಕದಲುವುದೇ ಇಲ್ಲ. ಆನ್ನಾ ಸ್ಕ್ರಿಪ್ಸ್ ವಿಟ್‌ಕಾಂಬ್ ಅವರು ತಮ್ಮ ನೂರಾರು ಆರ್ಕಿಡ್ ಗಿಡಗಳನ್ನು 1953ರಲ್ಲಿ ನಗರಕ್ಕೆ ಬಿಟ್ಟುಹೋದರು. ಕೃತಜ್ಞ ನಗರ ಗಾಜಿನ ಮನೆಗೆ ಅವರ ಹೆಸರನ್ನೇ ಇಟ್ಟಿತು. ಜೇಮ್ಸ್ ಸ್ಕಾಟ್ ಬಿಟ್ಟುಹೋದ ಹಣದಿಂದ 1925ರಲ್ಲಿ ಅಮೃತಶಿಲೆಯ ಭವ್ಯ ಕಾರಂಜಿ ನಿಂತಿತು.

ಕಷ್ಟದ ದಿನಗಳೂ ಬಂದವು. ನಗರದ ಬೊಕ್ಕಸ ಬರಿದಾಗುತ್ತ ಬಂದು, 1904ರಿಂದ ನಡೆದುಕೊಂಡು ಬಂದಿದ್ದ ಮತ್ಸ್ಯಾಲಯ 2005ರಲ್ಲಿ ಮುಚ್ಚಿತು. ಅಷ್ಟಕ್ಕೆ ಕೈಚೆಲ್ಲಿ ಕೂರದವರು ಊರಿನ ಸಾಮಾನ್ಯ ಜನ. ಬೇರೆ ಬೇರೆಯಾಗಿ ದುಡಿಯುತ್ತಿದ್ದ ನಾಲ್ಕು ಸಂಘಗಳು 2011ರಲ್ಲಿ ಒಂದಾಗಿ ಬೆಲ್ ಐಲ್ ಕನ್ಸರ್ವೆನ್ಸಿ ಎನಿಸಿದವು. ಮರುವರ್ಷವೇ, 2012ರಲ್ಲಿ, ಸ್ವಯಂಸೇವಕರ ಬೆವರಿನಿಂದ ಮತ್ಸ್ಯಾಲಯದ ಬಾಗಿಲು ಮತ್ತೆ ತೆರೆಯಿತು. ಹಸಿರು ಗಾಜಿನ ಬಿಲ್ಲೆಗಳ ಕಮಾನು ಚಾವಣಿಯ ಕೆಳಗೆ ಇಂದು ಮಕ್ಕಳು ಮೀನು ನೋಡುತ್ತ ನಿಂತಿರುವುದು ಆ ಪುಣ್ಯಾತ್ಮರ ದುಡಿಮೆಯ ಫಲ. ಈ ಚರಿತ್ರೆಯಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಅಧ್ಯಾಯ ಇದೇ.

2013ರಲ್ಲಿ ನಗರವೇ ದಿವಾಳಿಯಾದಾಗ ರಾಜ್ಯ ಸರ್ಕಾರ ದ್ವೀಪವನ್ನು ಗುತ್ತಿಗೆಗೆ ಪಡೆಯಿತು. 2014ರಿಂದ ಇದು ಮಿಷಿಗನ್ನಿನ ರಾಜ್ಯೋದ್ಯಾನ. ಡಚ್ ಉದ್ಯಾನಶಿಲ್ಪಿ ಪೀಟ್ ಔಡಾಲ್ಫ್ ರೂಪಿಸಿದ ಹೂದೋಟ 2021ರಲ್ಲಿ ತೆರೆಯಿತು. ದುರಸ್ತಿಗೆಂದು ಮುಚ್ಚಿದ್ದ ಗಾಜಿನ ಮನೆ 2024ರ ಡಿಸೆಂಬರಿನಲ್ಲಿ ಮತ್ತೆ ಜನರಿಗೆ ಸಿಕ್ಕಿತು.

ನಡೆದು ಬರುವವರಿಗೂ ಸೈಕಲ್ಲಿನವರಿಗೂ ಇಲ್ಲಿ ಪ್ರವೇಶ ಉಚಿತ. ಕಾರಿಗೆ ಮಾತ್ರ ರಾಜ್ಯೋದ್ಯಾನಗಳ ಪಾಸ್ ಬೇಕು. ಸದಸ್ಯರೆಲ್ಲರೂ ಆ ಪಾಸ್ ಮಾಡಿಸಿಕೊಂಡು ಕುಟುಂಬಸಮೇತ ಹೋಗಿಬರಬೇಕು, ಬಿಡುವಿದ್ದವರು ಅಲ್ಲಿನ ಸ್ವಯಂಸೇವೆಗೆ ಹೆಸರು ಕೊಡಬೇಕು ಎಂದು ವಿನಂತಿಸುತ್ತೇವೆ.