ಮೂಕಪ್ರಾಣಿಗೋ, ಮನುಷ್ಯನಿಗೋ? ದಾನದ ಹಳೆಯ ಲೆಕ್ಕ

ದಾನ ಮಾಡುವ ಮನಸ್ಸು ಬಂದ ಮೇಲೂ ಒಂದು ಪ್ರಶ್ನೆ ಉಳಿದೇ ಇರುತ್ತದೆ: ಯಾರಿಗೆ ಕೊಡುವುದು? ಕೈಯಲ್ಲಿರುವುದು ಒಂದು ಸಾವಿರ ರೂಪಾಯಿ. ಗೋಶಾಲೆಯಲ್ಲಿ ಮೇವು ತೀರಿದೆ. ಹೊಳೆ ದಂಡೆಯ ಊರುಗಳಲ್ಲಿ ಮನೆ ಕಳೆದುಕೊಂಡವರು ಶಾಲೆಯ ಕೋಣೆಗಳಲ್ಲಿ ಮಲಗಿದ್ದಾರೆ. ಎರಡೂ ಕಡೆಯವರು ರಸೀದಿ ಪುಸ್ತಕ ಹಿಡಿದು ಬಾಗಿಲಿಗೆ ಬಂದಿದ್ದಾರೆ. ಗೋಶಾಲೆಗೆ ಕೊಟ್ಟರೆ ‘ಮನುಷ್ಯರೇ ಉಪವಾಸ ಇರುವಾಗ ದನಕ್ಕೆ ಕೊಡುವುದೇ?’ ಎನ್ನುವವರಿದ್ದಾರೆ. ಸಂತ್ರಸ್ತರಿಗೆ ಕೊಟ್ಟರೆ ‘ಮನುಷ್ಯನಿಗೆ ಬಾಯಿ ಇದೆ, ಕೇಳಿ ಪಡೆಯುತ್ತಾನೆ, ಮೂಕಪ್ರಾಣಿಗೆ ಯಾರಿದ್ದಾರೆ?’ ಎನ್ನುವವರೂ ಇದ್ದಾರೆ.

2022ರಲ್ಲಿ ಈ ಪ್ರಶ್ನೆ ರಾಜ್ಯದ ಸರಕಾರಿ ನೌಕರರ ಸಂಬಳದ ಚೀಟಿಯವರೆಗೂ ಬಂದಿತ್ತು. ಗೋಶಾಲೆಗಳ ನೆರವಿಗಾಗಿ ಆ ವರ್ಷ ಆರಂಭವಾದ ‘ಪುಣ್ಯಕೋಟಿ ದತ್ತು ಯೋಜನೆ’ಯಲ್ಲಿ ಒಂದು ರಾಸನ್ನು ವರ್ಷದ ಮಟ್ಟಿಗೆ ದತ್ತು ಪಡೆಯಲು 11,000 ರೂಪಾಯಿ ಎಂದು ಗೊತ್ತುಮಾಡಲಾಯಿತು. ನವೆಂಬರ್‌ನಲ್ಲಿ ನೌಕರರ ಸಂಬಳದಿಂದಲೇ ವಂತಿಗೆ ಕಡಿತ ಮಾಡುವ ಆದೇಶ ಹೊರಬಿತ್ತು: ‘ಎ’ ವೃಂದದವರಿಗೆ 11,000, ‘ಬಿ’ ವೃಂದದವರಿಗೆ 4,000, ‘ಸಿ’ ವೃಂದದವರಿಗೆ 400 ರೂಪಾಯಿ. ಒಪ್ಪಿಗೆ ಇಲ್ಲದವರು ಬರೆದು ತಿಳಿಸಬಹುದು ಎಂಬ ಅವಕಾಶವೂ ಇತ್ತು. ಕೊಡುವುದು ಯಾರಿಗೆ ಎಂದು ನಿರ್ಧರಿಸುವವರು ಯಾರು ಎಂಬ ಚರ್ಚೆ ಆಗ ಕಚೇರಿ ಕಚೇರಿಗಳಲ್ಲಿ ನಡೆಯಿತು.

ಪ್ರಶ್ನೆ ಹೊಸದೇನಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನ ರನ್ನ ಬೆಳಗಲಿಯ ಸುತ್ತಮುತ್ತಲಿನ ನೆಲದಲ್ಲಿ ಅದಕ್ಕೆ ಸಾವಿರ ವರ್ಷಗಳ ಇತಿಹಾಸವಿದೆ.

ದಾನಚಿಂತಾಮಣಿಯ ಕಾಲ

ಬೆಳಗಲಿಗೆ ‘ರನ್ನ’ ಎಂಬ ಹೆಸರು ಸೇರಿದ್ದು ಅಲ್ಲಿ ಹುಟ್ಟಿದ ಕವಿಯಿಂದ. ಕ್ರಿ.ಶ. 949ರಲ್ಲಿ ಬಳೆಗಾರರ ಮನೆಯಲ್ಲಿ ಜನಿಸಿದ ರನ್ನ, ಓದುವ ಹಂಬಲದಿಂದ ದಕ್ಷಿಣಕ್ಕೆ ಹೋಗಿ, ಅಜಿತಸೇನಾಚಾರ್ಯರಲ್ಲಿ ಕಲಿತು, ಚಾವುಂಡರಾಯನ ಆಶ್ರಯ ಪಡೆದು, ಕೊನೆಗೆ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನಿಸಿಕೊಂಡ. ಬಡ ಬಳೆಗಾರನ ಮಗ ಕವಿಯಾಗಲು ದಾನಿಗಳ ಕೈ ಬೇಕಾಯಿತು ಎಂಬುದನ್ನು ಇಲ್ಲಿ ನೆನೆಯಬೇಕು. 993ರಲ್ಲಿ ಅವನಿಂದ ‘ಅಜಿತಪುರಾಣ’ ಬರೆಯಿಸಿದವಳು ಅತ್ತಿಮಬ್ಬೆ. ಸೇನಾನಿ ನಾಗದೇವನ ಪತ್ನಿಯಾಗಿದ್ದ ಆಕೆ ವಿಧವೆಯಾದ ಮೇಲೆ ಬದುಕನ್ನೆಲ್ಲ ದಾನಕ್ಕೆ ಮೀಸಲಿಟ್ಟಳು. ಪೊನ್ನ ಕವಿಯ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. 1,500 ಜಿನಬಿಂಬಗಳನ್ನು ಮಾಡಿಸಿ ಕೊಟ್ಟಳು. ‘ದಾನಚಿಂತಾಮಣಿ’ ಎಂಬ ಬಿರುದು ಆಕೆಗೆ ಬಂದದ್ದು ಹೀಗೆ. ಲಕ್ಕುಂಡಿಯ ಬಸದಿಯ 1007ರ ಶಾಸನ ಆಕೆಯ ಕೀರ್ತಿಯನ್ನು ಹೇಳುತ್ತದೆ.

ಆ ಕಾಲದ ಜೈನರಲ್ಲಿ ದಾನಕ್ಕೆ ನಾಲ್ಕು ದಾರಿಗಳಿದ್ದವು: ಆಹಾರ, ಅಭಯ, ಭೈಷಜ್ಯ, ಶಾಸ್ತ್ರ. ಹಸಿದವನಿಗೆ ಅನ್ನ, ಹೆದರಿದವನಿಗೆ ರಕ್ಷಣೆ, ರೋಗಿಗೆ ಔಷಧ, ಅರಿವಿಲ್ಲದವನಿಗೆ ವಿದ್ಯೆ. ಹೊಯ್ಸಳರ ಕಾಲದ ಶಾಸನಗಳಲ್ಲಿ ದಂಡನಾಯಕರನ್ನೂ ರಾಣಿಯರನ್ನೂ ಹೊಗಳುವಾಗ ಈ ನಾಲ್ಕನ್ನು ಒಂದೇ ಸಮಾಸದಲ್ಲಿ ಪೋಣಿಸುವುದು ರೂಢಿಯೇ ಆಗಿತ್ತು. ಈ ಪಟ್ಟಿಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಇಲ್ಲಿ ಪಡೆಯುವವರ ವಿಂಗಡಣೆ ಇಲ್ಲ. ಕೊರತೆಗಳ ವಿಂಗಡಣೆ ಇದೆ. ಹಸಿವು, ಭಯ, ರೋಗ ಮೂರೂ ಪ್ರಾಣಿಗೂ ಉಂಟು, ಮನುಷ್ಯನಿಗೂ ಉಂಟು. ವಿದ್ಯೆಯ ಕೊರತೆಯೊಂದು ಮಾತ್ರ ಮನುಷ್ಯನದೇ.

ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ ಗೃಹಸ್ಥರ ನಡತೆಯನ್ನು ತಿಳಿಸುವ ಗ್ರಂಥ. ಅಭಯದ ಜಾಗದಲ್ಲಿ ಅದು ಆವಾಸದಾನವನ್ನು, ಅಂದರೆ ನೆಲೆ ಕೊಡುವುದನ್ನು ಹೇಳುತ್ತದೆ. ನಾಲ್ಕು ದಾನಗಳಿಗೆ ನಾಲ್ಕು ಉದಾಹರಣೆಗಳನ್ನು ಹೆಸರಿಸುವಾಗ, ನಾಲ್ಕನೆಯದಕ್ಕೆ ಅದು ಆರಿಸಿಕೊಂಡದ್ದು ಒಂದು ಹಂದಿಯನ್ನು! ಗುಹೆಯಲ್ಲಿದ್ದ ಮುನಿಗಳ ಮೇಲೆ ಹುಲಿ ಎರಗಲು ಬಂದಾಗ ಕಾಡುಹಂದಿಯೊಂದು ಅಡ್ಡ ನಿಂತು ಹೋರಾಡಿ ಪ್ರಾಣ ಬಿಟ್ಟಿತು, ಸದ್ಗತಿ ಪಡೆಯಿತು ಎಂಬುದು ಕಥೆ. ಪ್ರಾಣಿಯು ದಾನ ಪಡೆಯುವ ಸ್ಥಾನದಲ್ಲಷ್ಟೇ ಅಲ್ಲ, ಕೊಡುವ ಸ್ಥಾನದಲ್ಲೂ ನಿಲ್ಲಬಲ್ಲದು ಎಂದು ಒಪ್ಪಿದ ಪರಂಪರೆ ಇದು.

ಹಾಗೆಂದು ಹಿಂದಿನವರು ವಿವೇಚನೆ ಇಲ್ಲದೆ ಕೊಟ್ಟರೆಂದಲ್ಲ. ರಾಷ್ಟ್ರಕೂಟರ ಕಾಲದ ಜಿನಸೇನಾಚಾರ್ಯರು ‘ಆದಿಪುರಾಣ’ದಲ್ಲಿ ದಯಾದತ್ತಿ, ಪಾತ್ರದತ್ತಿ ಎಂದು ಭೇದ ಮಾಡುತ್ತಾರೆ. ಪಾತ್ರದತ್ತಿ ಯೋಗ್ಯರಿಗೆ ಗೌರವದಿಂದ ಕೊಡುವುದು. ಅಲ್ಲಿ ಪಡೆಯುವವನ ಅರ್ಹತೆ ನೋಡಬೇಕು. ದಯಾದತ್ತಿ ಕನಿಕರದಿಂದ ಜೀವಿಗಳ ಭಯ ಹೋಗಲಾಡಿಸುವುದು. ಅಲ್ಲಿ ಸಂಕಟವೇ ಅರ್ಹತೆ. ಇಂದು ಗೋಶಾಲೆ ಮತ್ತು ಪರಿಹಾರ ನಿಧಿಗಳ ನಡುವೆ ತೊಳಲಾಡುವವನ ಮುಂದಿರುವ ಎರಡೂ ಈ ಎರಡನೆಯ ಬಗೆಯವೇ.

ನಾಯಿಯ ಹೆಸರಿನ ಭೂಮಿ

ರನ್ನ ಹುಟ್ಟಿದ ಕಾಲಕ್ಕೇ ಸೇರಿದ ಇನ್ನೊಂದು ದಾಖಲೆ ಮಂಡ್ಯ ಜಿಲ್ಲೆಯ ಆತಕೂರಿನದು. 949-50ರ ಈ ಶಾಸನ ಗಂಗ ದೊರೆ ಬೂತುಗನು ವೀರ ಮಣಲೇರನಿಗೆ ಕೊಟ್ಟ ಕಾಳಿ ಎಂಬ ಬೇಟೆನಾಯಿಯ ಕಥೆ ಹೇಳುತ್ತದೆ. ಕಾಳಿ ದೊಡ್ಡ ಹಂದಿಯೊಡನೆ ಕಾದಾಡಿ, ಅದನ್ನು ಕೊಂದು ತಾನೂ ಸತ್ತಿತು. ಮಣಲೇರ ಅದಕ್ಕಾಗಿ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಆ ಭೂಮಿಯನ್ನು ಅನುಭವಿಸುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪಕ್ಕೆ ಹೋಗುತ್ತಾನೆ ಎಂಬ ಕಟ್ಟಳೆಯೂ ಅಲ್ಲಿದೆ. ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿರುವ ಈ ಕಲ್ಲು ಒಂದು ವ್ಯಾವಹಾರಿಕ ಸತ್ಯವನ್ನೂ ಹೇಳುತ್ತದೆ. ಭೂಮಿ ಬಿಟ್ಟದ್ದು ನಾಯಿಯ ಹೆಸರಿನಲ್ಲಿ. ಆ ಭೂಮಿಯ ಬೆಳೆ ಉಂಡವನು ಮನುಷ್ಯ. ದಾನದ ಹೆಸರು ಒಬ್ಬರದು, ಫಲ ಇನ್ನೊಬ್ಬರದು ಆಗುವುದು ಆಗಲೂ ಇತ್ತು.

ಬರದ ಪಾಠ

ಒಕ್ಕಲುತನದ ನಾಡಿನಲ್ಲಿ ಎತ್ತಿಗೆ ಕೊಡುವುದು, ಮನುಷ್ಯನಿಗೆ ಕೊಡುವುದು ಎಂಬ ಗೆರೆ ತೆಳುವಾದದ್ದು. ಇದನ್ನು ಕಠೋರವಾಗಿ ಕಲಿಸಿದ್ದು 1876-78ರ ಬರ. ಇಂದಿನ ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಬಹುಭಾಗ ಆಗ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಯಲ್ಲಿತ್ತು. ಮುಧೋಳ ಮಾತ್ರ ಘೋರ್ಪಡೆಯವರ ಸಂಸ್ಥಾನ. 1872ರ ಜನಗಣತಿಯಲ್ಲಿ ಸುಮಾರು 8 ಲಕ್ಷ 16 ಸಾವಿರ ಇದ್ದ ಕಲಾದಗಿ ಸೀಮೆಯ ಜನಸಂಖ್ಯೆ 1881ರ ಗಣತಿಯ ವೇಳೆಗೆ ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿದಿತ್ತು. ಸತ್ತವರು, ಗುಳೆ ಹೋದವರು ಇಬ್ಬರೂ ಈ ಲೆಕ್ಕದಲ್ಲಿ ಸೇರಿದ್ದಾರೆ. ದನಕರುಗಳ ಸಾವಿನಿಂದ ಇನ್ನೊಂದು ಆಪತ್ತು ಬಂತು. ಮಳೆ ಬಂದರೂ ರಂಟೆ ಹೂಡಲು ಎತ್ತಿಲ್ಲದ ಮನೆಗೆ ಬರ ಮುಗಿಯಲಿಲ್ಲ. ಎತ್ತು ಉಳಿದಿದ್ದರೆ ಮುಂದಿನ ಸುಗ್ಗಿ. ಎತ್ತು ಸತ್ತರೆ ಸಾಲ, ಇಲ್ಲವೇ ಗುಳೆ. ಮುಂದೆ ಸರಕಾರ ಬರಪರಿಹಾರ ಸಂಹಿತೆಗಳನ್ನು ರಚಿಸಿದಾಗ ದನಗಳ ಮೇವಿಗಾಗಿ ಕಾಡುಗಳನ್ನು ತೆರೆಯುವ ವಿಷಯ ಅಲ್ಲಿ ಸೇರಿತು.

ಬರದ ಬೆನ್ನಿಗೇ ಇನ್ನೊಂದು ಪರೀಕ್ಷೆ ಬಂತು. 1879ರ ಸುಮಾರಿಗೆ ಈ ಭಾಗದ ಹೊಲಗಳಲ್ಲಿ ಇಲಿಗಳ ಹಾವಳಿ ಮಿತಿಮೀರಿ, ಕಷ್ಟಪಟ್ಟು ಬೆಳೆದ ಪೈರು ಹಾಳಾಯಿತು. ಇಲಿ ಕೊಂದವರಿಗೆ ಸರಕಾರ ಬಹುಮಾನ ಕೊಟ್ಟಿತು. ಎತ್ತಿನ ವಿಷಯದಲ್ಲಿ ಕೂಡಿಯೇ ನಡೆದ ಮನುಷ್ಯನ ಹಿತ ಮತ್ತು ಪ್ರಾಣಿಯ ಹಿತ ಇಲಿಯ ವಿಷಯದಲ್ಲಿ ಎದುರುಬದುರಾದವು. ಎರಡೂ ಯಾವಾಗಲೂ ಒಂದೇ ಎನ್ನುವುದೂ ಪೂರ್ಣ ಸತ್ಯವಲ್ಲ.

ಎರಡು ಕೈಗಳ ದಾನಿ

ದಾನಿ ಒಂದನ್ನು ಬಿಟ್ಟೇ ಇನ್ನೊಂದನ್ನು ಹಿಡಿಯಬೇಕೆಂಬ ನಿಯಮವೂ ಇಲ್ಲ. 1832ರಲ್ಲಿ ಮುಂಬಯಿಯಲ್ಲಿ ಬೀದಿ ನಾಯಿಗಳನ್ನು ಕೊಲ್ಲುವ ಆಜ್ಞೆಯ ವಿರುದ್ಧ ಪಾರ್ಸಿಗಳು ದಂಗೆಯೆದ್ದರು. ಎರಡು ವರ್ಷಗಳ ಬಳಿಕ, 1834ರಲ್ಲಿ, ಅನಾಥ ಪ್ರಾಣಿಗಳಿಗಾಗಿ ಅಲ್ಲಿ ಪಾಂಜರಪೋಳ ಸ್ಥಾಪನೆಯಾಯಿತು. ಅದರ ಸ್ಥಾಪಕರಲ್ಲಿ ಒಬ್ಬರು ಜೈನ ವರ್ತಕ ಮೋತಿಚಂದ್ ಅಮಿಚಂದ್, ಮತ್ತೊಬ್ಬರು ಪಾರ್ಸಿ ವರ್ತಕ ಜಮ್ಶೇಟ್‌ಜಿ ಜೀಜಿಭಾಯ್. ಇದೇ ಜೀಜಿಭಾಯ್ ಮನುಷ್ಯರ ಆಸ್ಪತ್ರೆಗೂ ಒಂದು ಲಕ್ಷ ರೂಪಾಯಿ ಕೊಟ್ಟರು. 1845ರಲ್ಲಿ ತೆರೆದ ಆ ಜೆ.ಜೆ. ಆಸ್ಪತ್ರೆಯಲ್ಲಿ ಬಡರೋಗಿಗಳು ಇಂದಿಗೂ ಚಿಕಿತ್ಸೆ ಪಡೆಯುತ್ತಿದ್ದಾರೆ.

ಅಮೆರಿಕದಲ್ಲಿ ಪ್ರಾಣಿದಯೆಯೇ ಮಕ್ಕಳ ರಕ್ಷಣೆಗೆ ದಾರಿ ತೋರಿದ ಉದಾಹರಣೆಯಿದೆ. 1874ರಲ್ಲಿ ನ್ಯೂಯಾರ್ಕ್‌ನಲ್ಲಿ ಮೇರಿ ಎಲೆನ್ ಎಂಬ ಬಾಲಕಿ ಸಾಕಿದವರ ಹೊಡೆತಕ್ಕೆ ಸಿಕ್ಕು ನರಳುತ್ತಿದ್ದಳು. ಆಕೆಯ ಬಿಡುಗಡೆಗೆ ಯತ್ನಿಸುತ್ತಿದ್ದ ಮಹಿಳೆ ಕೊನೆಗೆ ನೆರವು ಪಡೆದದ್ದು ಪ್ರಾಣಿದಯಾ ಸಂಘ ಕಟ್ಟಿದ್ದ ಹೆನ್ರಿ ಬರ್ಗ್ ಅವರಿಂದ. ಮಕ್ಕಳ ಮೇಲಿನ ಕ್ರೌರ್ಯ ತಡೆಯುವ ಸಂಘ ಆ ನಗರದಲ್ಲಿ ಹುಟ್ಟಿದ್ದು ಈ ಪ್ರಕರಣದ ನಂತರ.

ಬೆಳಗಾವಿಯಿಂದ ಅಹಮದಾಬಾದಿಗೆ

1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ಅಧ್ಯಕ್ಷರಾಗಿದ್ದ ಗಾಂಧೀಜಿ ಅಲ್ಲಿಯೇ ಗೋರಕ್ಷಣಾ ಪರಿಷತ್ತಿನ ಅಧ್ಯಕ್ಷತೆಯನ್ನೂ ವಹಿಸಿದರು. ಗೋರಕ್ಷಣೆಗೆ ಅವರಷ್ಟು ಮಹತ್ವ ಕೊಟ್ಟ ನಾಯಕರು ವಿರಳ. ಆದರೆ ಹಸುವನ್ನು ಉಳಿಸಲು ಮನುಷ್ಯನ ಪ್ರಾಣ ತೆಗೆಯುವುದು ಸಲ್ಲದೆಂದು 1909ರ ‘ಹಿಂದ್ ಸ್ವರಾಜ್’ನಲ್ಲೇ ಅವರು ಸ್ಪಷ್ಟಪಡಿಸಿದ್ದರು.

ಅವರ ವಿಚಾರ ಒರೆಗೆ ಹಚ್ಚಲ್ಪಟ್ಟಿದ್ದು 1926ರಲ್ಲಿ. ಅಹಮದಾಬಾದಿನ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯ್ ತಮ್ಮ ಗಿರಣಿಯ ಆವರಣದಲ್ಲಿದ್ದ ಸುಮಾರು 60 ನಾಯಿಗಳನ್ನು ಹುಚ್ಚಿನ ಭಯದಿಂದ ಕೊಲ್ಲಿಸಿದರು. ಅಹಿಂಸೆಯ ಪ್ರತಿಪಾದಕ ಗಾಂಧೀಜಿ ಇದನ್ನು ಖಂಡಿಸುತ್ತಾರೆಂದು ಜನ ಎಣಿಸಿದ್ದರು. ಆದರೆ ‘ಯಂಗ್ ಇಂಡಿಯಾ’ದಲ್ಲಿ ಸರಣಿ ಲೇಖನಗಳನ್ನು ಬರೆದು ಅವರು ಸಾರಾಭಾಯ್ ಅವರನ್ನು ಸಮರ್ಥಿಸಿದರು. ನಾಯಿಯನ್ನು ಸಾಕುವ ಹೊಣೆ ಹೊರದೆ ಬೀದಿಯಲ್ಲಿ ಒಂದು ತುತ್ತು ಎಸೆದು ಪುಣ್ಯ ಬಂತೆಂದು ತಿಳಿಯುವುದು ದಯೆಯಲ್ಲ, ನಾಯಿಗೂ ಸಮಾಜಕ್ಕೂ ಮಾಡುವ ಅನ್ಯಾಯ ಎಂಬುದು ಅವರ ವಾದದ ತಿರುಳು. ಸಿಟ್ಟಿನ ಪತ್ರಗಳು ಬಂದವು, ಅವರು ಹಿಂದೆಗೆಯಲಿಲ್ಲ. 2025ರಲ್ಲಿ ಬೀದಿ ನಾಯಿಗಳ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆಗೆ ಬಂದಾಗಲೂ ಸಾಕುವವರ ಹೊಣೆ, ಕಚ್ಚಿಸಿಕೊಂಡವರ ಸಂಕಟ ಇವೆರಡರ ಸುತ್ತಲೇ ವಾದ ನಡೆಯಿತು.

ಮಹಾಪೂರದ ಕೋಷ್ಟಕ

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದಾಗ ಮುಧೋಳ ಪಟ್ಟಣವೂ ಸುತ್ತಲಿನ ಹಳ್ಳಿಗಳೂ ಮುಳುಗಿದವು. ಜನರಿಗೆ ಗಂಜಿ ಕೇಂದ್ರ ತೆರೆದರೆ ಸಾಲದು, ದನಗಳಿಗೂ ಎತ್ತರದ ಜಾಗ ಮತ್ತು ಮೇವು ಬೇಕು ಎಂಬುದು ಹೊಳೆಸಾಲಿನವರಿಗೆ ಹೇಳಿಕೊಡಬೇಕಾದ ಮಾತಲ್ಲ. ದಾವಣಿಯಲ್ಲಿ ಎಮ್ಮೆ ಇರುವಾಗ ದೋಣಿ ಹತ್ತಲು ಮನೆಯವರ ಕಾಲು ಏಳುವುದಿಲ್ಲ.

ಆಗ ಜಾರಿಯಲ್ಲಿದ್ದ 2015-20ರ ವಿಪತ್ತು ಪರಿಹಾರ ನಿಯಮಗಳಲ್ಲಿ ಈ ಪ್ರಶ್ನೆಗೆ ಸರಕಾರದ ಉತ್ತರ ಅಂಕಿಗಳಲ್ಲಿದೆ. ಮನುಷ್ಯ ಸತ್ತರೆ ಕುಟುಂಬಕ್ಕೆ 4 ಲಕ್ಷ ರೂಪಾಯಿ. ಕರೆಯುವ ಆಕಳು, ಎಮ್ಮೆ ಸತ್ತರೆ 30,000. ಉಳುವ ಎತ್ತಿಗೆ 25,000. ಕುರಿ, ಮೇಕೆಗೆ 3,000. ಇಲ್ಲಿ ಮನುಷ್ಯನೇ ಮುಂದು. ಆದರೆ ಬದುಕಿ ಉಳಿದವರ ನಿತ್ಯದ ಲೆಕ್ಕ ಬೇರೆ. ಜೀವನಾಧಾರಕ್ಕೆ ಪೆಟ್ಟು ಬಿದ್ದ ಕುಟುಂಬದಲ್ಲಿ ಪ್ರಾಪ್ತ ವಯಸ್ಕರಿಗೆ ದಿನಕ್ಕೆ 60 ರೂಪಾಯಿ, ಮಕ್ಕಳಿಗೆ 45. ಶಿಬಿರದಲ್ಲಿರುವ ದೊಡ್ಡ ದನಕ್ಕೆ 70! ನೋಡಿದೊಡನೆ ಇದು ತಲೆಕೆಳಗು ಎನಿಸಬಹುದು. ದನದ ಲೆಕ್ಕದಲ್ಲಿ ಮೇವಿನ ಜೊತೆಗೆ ನೀರು, ಔಷಧವೂ ಸೇರಿದೆ. ಮನುಷ್ಯ ಕೂಲಿ ಹುಡುಕಬಲ್ಲ, ಸಾಲ ಕೇಳಬಲ್ಲ. ಗೂಟಕ್ಕೆ ಕಟ್ಟಿದ ದನ ಎರಡನ್ನೂ ಮಾಡಲಾರದು.

ಅಳತೆ ಯಾವುದು?

ಹಳೆಯ ಲೆಕ್ಕವನ್ನು ಇಂದಿಗೆ ಹಾಗೆಯೇ ಹಚ್ಚಲು ಒಂದು ತೊಡಕಿದೆ. ಮುಧೋಳ, ಜಮಖಂಡಿ ಭಾಗ ಇಂದು ಕಬ್ಬು ಮತ್ತು ಟ್ರ್ಯಾಕ್ಟರುಗಳ ಸೀಮೆ. ರಾಜ್ಯದಲ್ಲಿ 2012ರಲ್ಲಿ ಸುಮಾರು 95 ಲಕ್ಷವಿದ್ದ ದನಗಳ ಸಂಖ್ಯೆ 2019ರ ಜಾನುವಾರು ಗಣತಿಯಲ್ಲಿ ಸುಮಾರು 85 ಲಕ್ಷಕ್ಕೆ ಇಳಿದಿದೆ. ರೈತನ ಎತ್ತನ್ನು ಉಳಿಸಿದರೆ ರೈತನೇ ಉಳಿದಂತೆ ಎಂಬ ಮಾತು ಸಣ್ಣ ಹಿಡುವಳಿದಾರನ ದಾವಣಿಗೆ, ಕುರಿಗಾರನ ಹಿಂಡಿಗೆ ಇನ್ನೂ ಒಪ್ಪುತ್ತದೆ. ಗೋಶಾಲೆಯಲ್ಲಿರುವ ಮುದಿ ಎತ್ತಿಗೆ, ಗೊಡ್ಡು ಆಕಳಿಗೆ ಅಷ್ಟಾಗಿ ಒಪ್ಪುವುದಿಲ್ಲ. ಅಲ್ಲಿಗೆ ಕೊಡುವುದು ಅಪ್ಪಟ ಅಭಯದಾನ. ಪ್ರತಿಫಲದ ಮಾತು ಅಲ್ಲಿಲ್ಲ. ಅದು ಕಡಿಮೆಯ ದಾನವೆಂದು ಯಾರೂ ಹೇಳಲಾಗದು. ಆದರೆ ಅದರಿಂದ ಮನುಷ್ಯರ ಸಂಕಟವೂ ತೀರಿತು ಎಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ.

ಇತಿಹಾಸ ಕೊಡುವುದು ಸಿದ್ಧ ಉತ್ತರವನ್ನಲ್ಲ, ಕೇಳಬೇಕಾದ ಪ್ರಶ್ನೆಗಳನ್ನು. ಕೊರತೆ ಯಾವುದು: ಹಸಿವೋ, ಭಯವೋ, ರೋಗವೋ, ಅರಿವೋ? ಅದನ್ನು ನೀಗಲು ಬೇರೆ ಕೈ ಇದೆಯೇ? ಕೊಟ್ಟದ್ದು ಹೆಸರು ಹೇಳಿದವರಿಗೇ ಮುಟ್ಟುತ್ತದೆಯೇ, ಆತಕೂರಿನ ಭೂಮಿಯಂತೆ ಬೇರೊಬ್ಬರ ತಟ್ಟೆಗೆ ಹೋಗುತ್ತದೆಯೇ? ಕೊಟ್ಟ ಮೇಲೆ ಹೊಣೆ ಹೊರುವವರು ಇದ್ದಾರೆಯೇ? ನೀರು ಏರುತ್ತಿರುವ ಗಳಿಗೆಯಲ್ಲಿ ಮೊದಲ ದೋಣಿ ಮನುಷ್ಯರದೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ನೀರು ಇಳಿದ ಮೇಲೆ ಪರಿಹಾರದ ಅರ್ಜಿ, ಬ್ಯಾಂಕ್ ಖಾತೆ, ಗುರುತಿನ ಚೀಟಿ ಇದ್ದವನಿಗೆ ಸರಕಾರದ ಬಾಗಿಲು ತಡವಾಗಿಯಾದರೂ ತೆರೆದೀತು. ಅವು ಯಾವುವೂ ಇಲ್ಲದ ಗುಳೆ ಕೂಲಿಗಾರನೂ, ವಾರಸುದಾರರಿಲ್ಲದ ದನವೂ ಆಗ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಸಾವಿರ ರೂಪಾಯಿ ಹಿಡಿದವನು ಮೊದಲು ನೋಡಬೇಕಾದದ್ದು ಆ ಸಾಲನ್ನು.