ಎರೆಭೂತ: ಹಾರಬಲ್ಲ ಹಕ್ಕಿಗೂ ಡೋಡೋವಿನ ಪಾಡು

ಎರೆಭೂತ ಬಳ್ಳಾರಿ ಸೀಮೆಯ ಎರೆ ಬಯಲಿನ ದೊಡ್ಡ ಹಕ್ಕಿ. ಪಕ್ಷಿತಜ್ಞರು ಗ್ರೇಟ್ ಇಂಡಿಯನ್ ಬಸ್ಟರ್ಡ್ ಎನ್ನುವ ಇದಕ್ಕೆ ಹೆಬ್ಬಕ ಎಂಬ ಹೆಸರೂ ಉಂಟು. ಕರ್ನಾಟಕದಲ್ಲಿ ಇದರ ಕೊನೆಯ ನೆಲೆ ಕಂಪ್ಲಿಗೆ ಹೊಂದಿಕೊಂಡ ಸಿರುಗುಪ್ಪ ತಾಲ್ಲೂಕು. ಅಲ್ಲಿಯೂ ಬೆರಳೆಣಿಕೆಯಷ್ಟೇ ಉಳಿದಿವೆ. ಹಾರಲಾರದೆ ಅಳಿದ ದ್ವೀಪದ ಹಕ್ಕಿಗಳ ಜೊತೆ ಇದನ್ನು ಇಟ್ಟು ನೋಡಿದರೆ, ಅವುಗಳ ಅಳಿವಿಗೆ ರೆಕ್ಕೆಯ ಕೊರತೆಯೊಂದೇ ಕಾರಣವಲ್ಲ ಎಂಬುದು ತಿಳಿಯುತ್ತದೆ.

ದ್ವೀಪಗಳಲ್ಲಿ ಆದದ್ದು

ಹಿಡಿದು ತಿನ್ನುವ ಪ್ರಾಣಿಗಳಿಲ್ಲದ ದ್ವೀಪಗಳಲ್ಲಿ ಹಲವು ಹಕ್ಕಿಗಳು ತಲೆಮಾರುಗಳುದ್ದಕ್ಕೂ ಹಾರಾಟವನ್ನು ಬಿಟ್ಟುಕೊಟ್ಟವು, ನೆಲದ ಮೇಲೆಯೇ ಮೊಟ್ಟೆಯಿಟ್ಟವು. ಕಂಪ್ಲಿಯ ದೊರೆ ಕಂಪಿಲರಾಯನ ಕಾಲದ ಆಸುಪಾಸಿನಲ್ಲಿ ನ್ಯೂಜಿಲೆಂಡಿಗೆ ಮನುಷ್ಯರು ಕಾಲಿಟ್ಟರು. ಕೃಷ್ಣದೇವರಾಯ 1509ರಲ್ಲಿ ಪಟ್ಟಕ್ಕೆ ಬರುವ ಮೊದಲೇ ಅಲ್ಲಿನ ಮೋವಾ ಹಕ್ಕಿಗಳು ಬೇಟೆಗೆ ಸಿಕ್ಕು ಮುಗಿದಿದ್ದವು. ಹಂಪಿ ಹಾಳಾದ 33 ವರ್ಷಕ್ಕೆ, 1598ರಲ್ಲಿ, ಡಚ್ಚರು ಮಾರಿಷಸ್ಸಿನಲ್ಲಿ ಇಳಿದರು. ಹಡಗುಗಳ ಜೊತೆ ಬಂದ ಇಲಿ, ಹಂದಿ, ಕೋತಿಗಳು ಡೋಡೋವಿನ ಮೊಟ್ಟೆಗಳಿಗೆ ಬಾಯಿ ಹಾಕಿದವು. ಅದನ್ನು ಕೊನೆಯ ಬಾರಿ ಕಂಡ ನಂಬಲರ್ಹ ದಾಖಲೆ 1662ರದು. ಉತ್ತರ ಅಟ್ಲಾಂಟಿಕ್‌ನ ಗ್ರೇಟ್ ಆಕ್ ವರ್ಷಕ್ಕೊಂದೇ ಮೊಟ್ಟೆಯಿಡುತ್ತಿತ್ತು. 1844ರಲ್ಲಿ ಐಸ್‌ಲೆಂಡ್ ಬಳಿಯ ಎಲ್ಡೇ ದ್ವೀಪದಲ್ಲಿ ಅದರ ಕೊನೆಯ ಜೋಡಿಯನ್ನು ಕೊಂದರು.

ಎರೆಭೂತದ ಬದುಕು

ಗಂಡು ಸುಮಾರು ಒಂದು ಮೀಟರ್ ಎತ್ತರ, 15 ಕಿಲೋವರೆಗೂ ತೂಕ. ಹಾರುವ ಹಕ್ಕಿಗಳಲ್ಲೇ ಅತಿ ಭಾರದವುಗಳ ಸಾಲಿಗೆ ಸೇರಿದ್ದು. ಮಿಡತೆ, ಜೀರುಂಡೆ, ಓತಿಕ್ಯಾತ, ಬೋರೆಹಣ್ಣು, ಕಾಳುಕಡಿ ಇದರ ಆಹಾರ. ಮಳೆಗಾಲದಲ್ಲಿ ಗಂಡು ಕೊರಳಚೀಲ ಊದಿಸಿ ಬಹುದೂರ ಕೇಳುವಂತೆ ಗುಮ್ಮೆನ್ನುತ್ತದೆ. ಹೆಣ್ಣು ಗೂಡು ಕಟ್ಟದೆ ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಟ್ಟು, ಸುಮಾರು ನಾಲ್ಕು ವಾರ ತಾನೊಂದೇ ಕಾವು ಕೊಡುತ್ತದೆ. ನಾಯಿ, ನರಿ, ಕಾಗೆ, ದನದ ಗೊರಸು ಯಾವುದು ತಗುಲಿದರೂ ಆ ವರ್ಷದ ಪೀಳಿಗೆ ಹೋದಂತೆಯೇ.

ಬಯಲು ದ್ವೀಪವಾದ ಬಗೆ

1953ರಲ್ಲಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡಿತು. ಬಲದಂಡೆಯ ಕೆಳಮಟ್ಟದ ಕಾಲುವೆ ಕಂಪ್ಲಿ, ಸಿರುಗುಪ್ಪಗಳಿಗೆ ನೀರು ತಂದಿತು. ಜೋಳ ಬೆಳೆಯುತ್ತಿದ್ದ ಎರೆ ಹೊಲಗಳು ಭತ್ತದ ಗದ್ದೆಗಳಾದವು. ಜನರಿಗೆ ಅನ್ನ ಸಿಕ್ಕಿತು. ನಿಂತ ನೀರಿನಲ್ಲಿ ಹಕ್ಕಿಗೆ ಮೊಟ್ಟೆಯಿಡಲು ಜಾಗ ಸಿಗಲಿಲ್ಲ. ಮಳೆ ನಂಬಿದ ಜೋಳ, ಕಡಲೆ, ಹತ್ತಿಯ ಹೊಲಗಳನ್ನು, ನಡುವಿನ ಬೀಳು ನೆಲವನ್ನು ಎರೆಭೂತ ಸಹಿಸುತ್ತದೆ. ಅಂಥ ತುಣುಕುಗಳೇ ಈಗ ಅದರ ದ್ವೀಪಗಳು.

ಇನ್ನೊಂದು ಕಂಟಕ ವಿದ್ಯುತ್ ತಂತಿ. ಈ ಹಕ್ಕಿಗೆ ನೇರ ಎದುರಿನ ನೋಟ ಕಡಿಮೆ, ಮೈ ಭಾರ. ತಂತಿ ಕಂಡಾಗ ತಟ್ಟನೆ ತಿರುಗಲಾರದು.

ಬಂಡೆಗಳ ನಡುವಿನ ನೆರೆಹೊರೆ

ಹಂಪಿ, ದರೋಜಿ, ಸಂಡೂರಿನ ಗುಡ್ಡಗಳೂ ಬಯಲಿನ ನಡುವಿನ ದ್ವೀಪಗಳೇ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಬೇರೆಲ್ಲೂ ಇರದ ಹಳದಿ ಕೊರಳಿನ ಪಿಕಳಾರ ಇಲ್ಲಿ ಬದುಕಿದೆ. ಕರಡಿಗಳಿಗಾಗಿ 1994ರಲ್ಲಿ ಘೋಷಿಸಿದ ದರೋಜಿ ಧಾಮ ಇದಕ್ಕೂ ಆಸರೆ. ಕಲ್ಲುಗಣಿ ಗುಡ್ಡವನ್ನೇ ಕರಗಿಸಿದರೆ ಇದಕ್ಕೆ ಮತ್ತೊಂದು ಮನೆಯಿಲ್ಲ.

ರಕ್ಷಣೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಎರೆಭೂತವಿದೆ. 2011ರಿಂದ ಐಯುಸಿಎನ್ ಪಟ್ಟಿಯಲ್ಲಿ ಇದು ಅತ್ಯಂತ ಅಪಾಯದಲ್ಲಿರುವ ಪ್ರಭೇದ. ಉಳಿದ ಹಕ್ಕಿಗಳಲ್ಲಿ ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಸೀಮೆಯಲ್ಲಿವೆ. ಅಲ್ಲಿನ ಸಮ್‌ನಲ್ಲಿ 2019ರಿಂದ ಬಯಲಿನಿಂದ ಮೊಟ್ಟೆಗಳನ್ನು ತಂದು ಮರಿ ಮಾಡಿಸುತ್ತಿದ್ದಾರೆ.

ಆದರೆ ಮರಿಗಳನ್ನು ಬಿಡಲು ಬಯಲು ಬೇಕು. ರಾಣೆಬೆನ್ನೂರಿನ ಕೃಷ್ಣಮೃಗ ಧಾಮದಲ್ಲಿ ಹಿಂದೆ ಕಾಣುತ್ತಿದ್ದ ಎರೆಭೂತ ನೀಲಗಿರಿ ನೆಡುತೋಪು ಬೆಳೆದ ಮೇಲೆ ಇಲ್ಲವಾಯಿತು. ಮರ ನೆಟ್ಟರೆ ಎಲ್ಲ ವನ್ಯಜೀವಿಗೂ ಒಳಿತೆಂಬ ಲೆಕ್ಕ ಇದಕ್ಕೆ ಒಗ್ಗದು. ಸಿರುಗುಪ್ಪದಲ್ಲಿ ಈ ಹಕ್ಕಿ ಉಳಿಯಬೇಕಾದರೆ ಒಣ ಬೇಸಾಯ ರೈತನಿಗೆ ಗಿಟ್ಟಬೇಕು, ಮೊಟ್ಟೆಯಿಡುವ ತಿಂಗಳುಗಳಲ್ಲಿ ಬೀಳು ನೆಲಕ್ಕೆ ನಾಯಿ ಬರದಂತೆ ಕಾಯಬೇಕು, ಹಕ್ಕಿ ಹಾಯುವ ದಾರಿಯ ತಂತಿ ನೆಲದಡಿ ಸೇರಬೇಕು.